ಸೈಕಲ್ ತರಬೇತಿಗೆ ಆ್ಯಪ್ ಬಳಸುವ ಬಗೆ: ಧಾರವಾಡ, ಗದಗ, ಹಾವೇರಿ ರಸ್ತೆಗಳ ಸವಾರರಿಗೆ

ಆಷಾಢದ ಗಾಳಿ ಬೀಸುವ ದಿನಗಳಲ್ಲಿ ಹುಬ್ಬಳ್ಳಿಯಿಂದ ಗದಗ ರಸ್ತೆ ಹಿಡಿದು ಅಣ್ಣಿಗೇರಿಯವರೆಗೆ ಸೈಕಲ್ ತುಳಿದು ಬಂದವರಿಗೆ ಈ ಅನುಭವ ಹೊಸದಲ್ಲ. ಹೋಗುವಾಗ ಪಡುವಣ ಗಾಳಿ ಬೆನ್ನಿಗಿರುತ್ತದೆ. ಸುಮಾರು 35 ಕಿಲೋಮೀಟರ್ ದಾರಿ ಗಂಟೆಗೆ 30ರ ವೇಗದಲ್ಲಿ, ದಣಿವೇ ತಿಳಿಯದಂತೆ, 70 ನಿಮಿಷಗಳಲ್ಲಿ ಮುಗಿಯುತ್ತದೆ. ಮರಳುವಾಗ ಅದೇ ಗಾಳಿ ಎದೆಗೆ ಬಡಿಯುತ್ತದೆ. ವೇಗ 17ಕ್ಕೆ ಇಳಿಯುತ್ತದೆ, ದಾರಿ ಎರಡು ಗಂಟೆಗೂ ಹೆಚ್ಚು ಕಾಲ ಹಿಡಿಯುತ್ತದೆ. ಮನೆಗೆ ಬಂದು ಮೊಬೈಲ್ ತೆರೆದರೆ ಸರಾಸರಿ ವೇಗ 22ನ್ನೂ ಮುಟ್ಟಿರುವುದಿಲ್ಲ. ಆ ಅಂಕಿಯನ್ನು ನೋಡಿ ‘ನನ್ನ ದಮ್ಮು ಕಡಿಮೆಯಾಗಿದೆ’ ಎಂದು ಕೊರಗಿ, ಮರುದಿನ ಇನ್ನಷ್ಟು ಜೋರಾಗಿ ತುಳಿಯಲು ಹೊರಟು, ಒಂದೆರಡು ತಿಂಗಳಲ್ಲಿ ಸೈಕಲ್ಲನ್ನೇ ಗೋಡೆಗೆ ಒರಗಿಸಿಟ್ಟ ಹಲವರನ್ನು ನಾನು ಕಂಡಿದ್ದೇನೆ. ಆದರೆ ಅದೇ ಸವಾರಿಯ ಹೃದಯಬಡಿತದ ನಕ್ಷೆಯನ್ನು ತೆರೆದು ನೋಡಿದ್ದರೆ, ಹೋಗುವಾಗಿನ 70 ನಿಮಿಷ ಬಹುಮಟ್ಟಿಗೆ ವಿಶ್ರಾಂತಿಯೇ ಆಗಿತ್ತೆಂಬುದೂ ಮರಳುವಾಗಿನ ಎರಡು ಗಂಟೆ ಕಠಿಣ ದುಡಿಮೆಯಾಗಿತ್ತೆಂಬುದೂ ಅವರಿಗೆ ತಿಳಿಯುತ್ತಿತ್ತು.

ನಮ್ಮ ಬಯಲುಸೀಮೆಯ ಗಾಳಿಯಲ್ಲಿಯೂ ಬಿಸಿಲಿನಲ್ಲಿಯೂ ವೇಗವನ್ನು ನೋಡಿ ತರಬೇತಿ ಮಾಡಲು ಬರುವುದಿಲ್ಲ. ದೇಹ ಪಡುವ ಶ್ರಮವನ್ನು ನೋಡಿ ಮಾಡಬೇಕು. ಆ ಶ್ರಮವನ್ನು ಅಳೆದು, ಬರೆದಿಟ್ಟು, ಅಗತ್ಯವಿದ್ದಾಗ ನಮ್ಮನ್ನು ತಡೆದು ನಿಲ್ಲಿಸುವ ಸಾಧನವಾಗಿ ಆ್ಯಪ್ ಅನ್ನು ಹೇಗೆ ಬಳಸಬಹುದೆಂಬುದನ್ನು ಇಲ್ಲಿ ವಿವರಿಸಿದ್ದೇನೆ. ಮೊದಲ ಬಾರಿಗೆ 50 ಕಿಲೋಮೀಟರ್ ಮುಟ್ಟಬೇಕೆನ್ನುವವರಿಗೂ, 200 ಕಿಲೋಮೀಟರಿನ ಬ್ರೆವೆಗೆ, ಅಂದರೆ ನಿಗದಿತ ಸಮಯದೊಳಗೆ ಮುಗಿಸಬೇಕಾದ ದೀರ್ಘ ಸವಾರಿಗೆ, ಹೆಸರು ಕೊಡಬೇಕೆನ್ನುವವರಿಗೂ ಕ್ರಮ ಒಂದೇ, ಪ್ರಮಾಣ ಮಾತ್ರ ಬೇರೆ.

ಯಾವ ಆ್ಯಪ್, ಯಾವ ಉಪಕರಣ

ಸೈಕಲ್ ಆ್ಯಪ್‌ಗಳು ಮುಖ್ಯವಾಗಿ ಮೂರು ಕೆಲಸ ಮಾಡುತ್ತವೆ. ಸವಾರಿಯನ್ನು ದಾಖಲಿಸುವುದು ಮೊದಲನೆಯದು. 2009ರಲ್ಲಿ ಆರಂಭವಾದ ಸ್ಟ್ರಾವಾ ಇದರಲ್ಲಿ ಎಲ್ಲರಿಗೂ ಪರಿಚಿತ. ದಾಖಲೆಯನ್ನು ವಿಶ್ಲೇಷಿಸಿ ಮುಂದಿನ ವಾರಗಳ ಯೋಜನೆ ಹಾಕುವುದು ಎರಡನೆಯದು. ಟ್ರೇನಿಂಗ್‌ಪೀಕ್ಸ್, ಟ್ರೇನರ್‌ರೋಡ್, ಇಂಟರ್ವಲ್ಸ್.ಐಸಿಯು ಮತ್ತು ಗಾರ್ಮಿನ್ ಕನೆಕ್ಟ್ ಈ ಬಗೆಯವು. ಮನೆಯೊಳಗೆ ಟ್ರೇನರ್ ಎಂಬ ಸ್ಟ್ಯಾಂಡಿನ ಮೇಲೆ ಸೈಕಲ್ ನಿಲ್ಲಿಸಿ ತುಳಿಯುವಾಗ ಪರದೆಯ ಮೇಲೆ ಕಾಲ್ಪನಿಕ ರಸ್ತೆ ತೋರಿಸುವುದು ಮೂರನೆಯದು. ಝ್ವಿಫ್ಟ್ ಇದಕ್ಕೆ ಹೆಸರಾಗಿದೆ. ಆರಂಭಿಸುವವರು ದಾಖಲಿಸುವ ಆ್ಯಪ್ ಒಂದನ್ನು ಉಚಿತ ರೂಪದಲ್ಲಿಯೇ ಹಾಕಿಕೊಂಡರೆ ಸಾಕು. ಮೂರು ತಿಂಗಳು ಬಿಡದೆ ಬಳಸಿದ ಮೇಲೂ ಯೋಜನೆಯ ಅಗತ್ಯ ಕಂಡರೆ ಆಗ ಹಣ ಕೊಡುವುದನ್ನು ಯೋಚಿಸಬಹುದು.

ಉಪಕರಣದ ಮಾತಿಗೆ ಬಂದರೆ, ನನ್ನ ಸಲಹೆ ಸ್ಪಷ್ಟವಾಗಿದೆ: ಮೊದಲ ಹಣವನ್ನು ಹಗುರ ಚಕ್ರಗಳಿಗೆ ಸುರಿಯದೆ ಎದೆಗೆ ಕಟ್ಟುವ ಹೃದಯಬಡಿತದ ಪಟ್ಟಿಗೆ ಖರ್ಚು ಮಾಡಿರಿ. ಮಣಿಕಟ್ಟಿನ ಕೈಗಡಿಯಾರ ಬೆಳಕಿನ ಸಹಾಯದಿಂದ ಬಡಿತವನ್ನು ಎಣಿಸುತ್ತದೆ. ಹ್ಯಾಂಡಲ್ ಬಿಗಿಯಾಗಿ ಹಿಡಿದಾಗ, ರಸ್ತೆಯ ತಗ್ಗುಗಳಲ್ಲಿ ಕೈ ಅದುರಿದಾಗ ಆ ಎಣಿಕೆ ತಪ್ಪುವುದುಂಟು. ಎದೆಯ ಪಟ್ಟಿ ಹೃದಯದ ವಿದ್ಯುತ್ ಸಂಕೇತವನ್ನೇ ಗ್ರಹಿಸುವುದರಿಂದ ಹೆಚ್ಚು ನಂಬಿಕೆಗೆ ಅರ್ಹ. ಕಟ್ಟಿಕೊಳ್ಳುವ ಮುನ್ನ ಅದರ ಒಳಭಾಗವನ್ನು ನೀರಿನಿಂದ ಒದ್ದೆ ಮಾಡಬೇಕು, ಇಲ್ಲವಾದರೆ ಬೆವರು ಬರುವವರೆಗೆ ಅದು ತಪ್ಪು ಅಂಕಿ ತೋರಿಸಬಹುದು. ಬ್ಲೂಟೂತ್ ಮತ್ತು ಆ್ಯಂಟ್ ಪ್ಲಸ್ ಎಂಬ ಎರಡೂ ನಿಸ್ತಂತು ಸಂಪರ್ಕಗಳಿರುವ ಪಟ್ಟಿಯನ್ನು ಕೊಂಡರೆ ಇಂದು ಮೊಬೈಲ್‌ಗೂ ಮುಂದೆ ಹ್ಯಾಂಡಲ್ ಮೇಲೆ ಕೂರಿಸುವ ಸೈಕಲ್ ಕಂಪ್ಯೂಟರ್‌ಗೂ ಅದೇ ನಡೆಯುತ್ತದೆ. ಪೆಡಲ್ ಮೇಲೆ ಬೀಳುವ ಶಕ್ತಿಯನ್ನು ವ್ಯಾಟ್‌ಗಳಲ್ಲಿ ಹೇಳುವ ಪವರ್ ಮೀಟರ್ ಬಹಳ ಒಳ್ಳೆಯ ಸಾಧನವೇ ಆದರೂ ದುಬಾರಿ. ಮೊದಲ ವರ್ಷ ಅದಿಲ್ಲದೆಯೂ ಚೆನ್ನಾಗಿ ಮುಂದುವರಿಯಬಹುದು.

ಮೊಬೈಲ್‌ನಲ್ಲಿಯೇ ದಾಖಲಿಸುವವರು ಒಂದು ವಿಷಯವನ್ನು ಹೊರಡುವ ಮೊದಲೇ ಸರಿಪಡಿಸಿಕೊಳ್ಳಬೇಕು. ಬಹುತೇಕ ಆಂಡ್ರಾಯ್ಡ್ ಫೋನುಗಳು ಬ್ಯಾಟರಿ ಉಳಿಸುವ ಸಲುವಾಗಿ ಪರದೆ ಆರಿದ ಮೇಲೆ ಆ್ಯಪ್‌ಗಳನ್ನು ಮಲಗಿಸಿಬಿಡುತ್ತವೆ. ಆಗ ನಕ್ಷೆಯಲ್ಲಿ ನವಲಗುಂದದಿಂದ ಹೆಬಸೂರಿನವರೆಗೆ ಒಂದು ನೇರ ಗೆರೆ ಮಾತ್ರ ಉಳಿಯುತ್ತದೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ಗೆ ಬ್ಯಾಟರಿಯ ನಿರ್ಬಂಧವನ್ನು ತೆಗೆದು, ಸ್ಥಳದ ಅನುಮತಿಯನ್ನು ಪೂರ್ಣವಾಗಿ ಕೊಡಬೇಕು. ನಿಂತಾಗ ತಾನಾಗಿಯೇ ದಾಖಲೆ ನಿಲ್ಲಿಸುವ ಸೌಲಭ್ಯವನ್ನು ಊರೊಳಗಿನ ಸಿಗ್ನಲ್‌ಗಳಿಗಾಗಿ ಬಳಸಬಹುದು. ಆದರೆ ಬ್ರೆವೆಗೆ ಸಿದ್ಧರಾಗುವವರು ತುಳಿದ ಸಮಯದ ಜೊತೆಗೆ ಕಳೆದ ಒಟ್ಟು ಸಮಯವನ್ನೂ ಪ್ರತಿ ಬಾರಿ ನೋಡುವ ರೂಢಿ ಮಾಡಿಕೊಳ್ಳಬೇಕು. 200 ಕಿಲೋಮೀಟರ್ ಮುಗಿಸಲು ಕೊಡುವ 13 ಗಂಟೆ 30 ನಿಮಿಷಗಳಲ್ಲಿ ಚಹಾ ಕುಡಿದ ಹೊತ್ತು, ಪಂಕ್ಚರ್ ತೆಗೆದ ಹೊತ್ತು ಎಲ್ಲವೂ ಸೇರಿರುತ್ತವೆ.

ಹೊಸ್ತಿಲನ್ನು ಕಂಡುಕೊಳ್ಳುವುದು

ಮೊದಲ ಎರಡು ವಾರ ಯಾವ ಯೋಜನೆಯನ್ನೂ ಹಾಕಿಕೊಳ್ಳದೆ, ದಿನನಿತ್ಯ ತುಳಿಯುವಂತೆಯೇ ತುಳಿದು ದಾಖಲಿಸಿರಿ. ಎಷ್ಟು ಗಂಟೆ ಸಿಗುತ್ತದೆ, ಯಾವ ದಿನ ಸಿಗುವುದಿಲ್ಲ ಎಂಬುದು ಆ ಹದಿನಾಲ್ಕು ದಿನಗಳಲ್ಲಿ ಗೊತ್ತಾಗುತ್ತದೆ. ವಾರಕ್ಕೆ ಹತ್ತು ಗಂಟೆ ತುಳಿಯುತ್ತೇನೆಂದು ಆ್ಯಪ್‌ಗೆ ಹೇಳಿ ಐದು ಗಂಟೆ ತುಳಿಯುವವರಿಗೆ ಯಾವ ಯೋಜನೆಯೂ ಒದಗುವುದಿಲ್ಲ.

ಆಮೇಲೆ ಪರೀಕ್ಷೆ. ಆ್ಯಪ್ ನಿಮ್ಮ ವಯಸ್ಸನ್ನು ಕೇಳಿ 220ರಿಂದ ಅದನ್ನು ಕಳೆದು, ಗರಿಷ್ಠ ಹೃದಯಬಡಿತವನ್ನು ಊಹಿಸಿಕೊಳ್ಳುತ್ತದೆ. 45 ವರ್ಷದವರಿಗೆ ಅದು 175 ಎಂದಾಗುತ್ತದೆ. ಆದರೆ ಒಂದೇ ವಯಸ್ಸಿನ ಇಬ್ಬರ ನಡುವೆ ಹತ್ತು, ಹದಿನೈದು ಬಡಿತಗಳ ವ್ಯತ್ಯಾಸ ಸಾಮಾನ್ಯ. ಹೀಗಾಗಿ ಊಹೆಯ ಮೇಲೆ ಕಟ್ಟಿದ ಝೋನ್‌ಗಳು, ಅಂದರೆ ಬಡಿತಕ್ಕೆ ತಕ್ಕಂತೆ ವಿಂಗಡಿಸಿದ ಶ್ರಮದ ಮಟ್ಟಗಳು, ಕೆಲವರನ್ನು ಸುಮ್ಮನೆ ಹಗುರವಾಗಿ ಬಿಡುತ್ತವೆ, ಕೆಲವರನ್ನು ಪ್ರತಿದಿನ ಹಿಂಡುತ್ತವೆ. ಅದಕ್ಕೆ ಬದಲಾಗಿ ನಿಮ್ಮ ದೇಹದ ಹೊಸ್ತಿಲನ್ನೇ ಅಳೆಯುವುದು ಒಳ್ಳೆಯದು. ಹೊಸ್ತಿಲು ಎಂದರೆ, ಸುಮಾರು ಒಂದು ಗಂಟೆ ಕಾಲ ಒಂದೇ ಸಮನೆ ತಾಳಿಕೊಳ್ಳಬಲ್ಲ ಗರಿಷ್ಠ ಶ್ರಮ. ಅದನ್ನು ದಾಟಿದರೆ ಉಸಿರು ಏರಿ, ತೊಡೆ ಉರಿದು, ಕೆಲವೇ ನಿಮಿಷಗಳಲ್ಲಿ ವೇಗ ತಗ್ಗಿಸಲೇಬೇಕಾಗುತ್ತದೆ.

ನಲವತ್ತು ದಾಟಿದವರು, ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡ ಇರುವವರು, ಹತ್ತಿರದ ಸಂಬಂಧಿಕರಲ್ಲಿ ಹೃದಯದ ತೊಂದರೆ ಕಂಡವರು, ಎಂದಾದರೂ ಶ್ರಮಪಟ್ಟಾಗ ಎದೆ ಬಿಗಿದ ಅನುಭವವಾದವರು ವೈದ್ಯರನ್ನು ಕಾಣದೆ ಈ ಪರೀಕ್ಷೆಗೆ ಇಳಿಯಬಾರದು. ಇದನ್ನು ನಾನು ಔಪಚಾರಿಕವಾಗಿ ಹೇಳುತ್ತಿಲ್ಲ, ದಯವಿಟ್ಟು ಪಾಲಿಸಿರಿ. ಅಂಥವರು ಮುಂದೆ ಹೇಳಿರುವ ಮಾತಿನ ಪರೀಕ್ಷೆಯನ್ನೇ ಆಧಾರ ಮಾಡಿಕೊಂಡು ತಿಂಗಳುಗಟ್ಟಲೆ ಸುರಕ್ಷಿತವಾಗಿ ತುಳಿಯಬಹುದು.

ಪರೀಕ್ಷೆಗೆ ಅರ್ಧ ಗಂಟೆ ಎಲ್ಲಿಯೂ ನಿಲ್ಲಬೇಕಾಗದ ರಸ್ತೆ ಬೇಕು. ಹುಬ್ಬಳ್ಳಿ–ಧಾರವಾಡ ನಡುವಿನ ಹಳೆಯ ಪಿ.ಬಿ. ರಸ್ತೆ ಇದಕ್ಕೆ ಆಗುವುದಿಲ್ಲ; ಅಲ್ಲಿ ಸಿಗ್ನಲ್‌ಗಳೂ ಚಿಗರಿ ಬಸ್ಸಿನ ನಿಲ್ದಾಣಗಳೂ ರಸ್ತೆ ದಾಟುವ ಜನರೂ ಇದ್ದಾರೆ. ಧಾರವಾಡದವರು ಸವದತ್ತಿ ರಸ್ತೆಯಲ್ಲಿ ಅಮ್ಮಿನಬಾವಿ ದಾಟಿದ ಮೇಲೆ ಪ್ರಯತ್ನಿಸಬಹುದು. ಗದಗಿನವರಿಗೆ ಮುಂಡರಗಿ ರಸ್ತೆ, ಹಾವೇರಿಯವರಿಗೆ ಹಾನಗಲ್ ರಸ್ತೆ ಇದೆ. ಬೆಳಗಿನ ಆರು ಗಂಟೆಯ ಹೊತ್ತಿಗೆ, ಗಾಳಿ ಏಳುವ ಮೊದಲು, ವಾಹನ ಕಡಿಮೆ ಇರುವಾಗ ಹೋಗಿರಿ. 20 ನಿಮಿಷ ಹಗುರವಾಗಿ ತುಳಿದು ಮೈ ಬಿಸಿ ಮಾಡಿಕೊಂಡ ಮೇಲೆ, 30 ನಿಮಿಷ ನಿಮ್ಮಿಂದ ಒಂದೇ ಸಮನೆ ಎಷ್ಟು ಆಗುತ್ತದೆಯೋ ಅಷ್ಟು ಜೋರಾಗಿ ತುಳಿಯಬೇಕು. ಹತ್ತು ನಿಮಿಷ ಮುಗಿದಾಗ, ಮುಂದಿನ ಭಾಗವನ್ನು ಬೇರೆಯಾಗಿ ದಾಖಲಿಸುವ ಲ್ಯಾಪ್ ಗುಂಡಿ ಒತ್ತಿರಿ. ಉಳಿದ 20 ನಿಮಿಷಗಳ ಸರಾಸರಿ ಹೃದಯಬಡಿತವೇ ನಿಮ್ಮ ಹೊಸ್ತಿಲಿನ ಬಡಿತ. ಎಲ್ಲರೂ ಮಾಡುವ ತಪ್ಪು ಮೊದಲ ಐದು ನಿಮಿಷಗಳಲ್ಲಿಯೇ ಇದೆ: ಉತ್ಸಾಹದಲ್ಲಿ ಹೊರಟು, ಹದಿನೈದನೆಯ ನಿಮಿಷಕ್ಕೆ ಸೋತು, ಕೊನೆಯಲ್ಲಿ ಎಳೆದುಕೊಂಡು ಬರುವುದು. ಆರಂಭದಲ್ಲಿ ‘ಇದು ಸ್ವಲ್ಪ ಹಗುರವಾಯಿತು’ ಎನ್ನಿಸುವಂತೆ ಹೊರಟರೆ ಸರಿಯಾದ ಅಂಕಿ ಸಿಗುತ್ತದೆ. ಪವರ್ ಮೀಟರ್ ಇರುವವರು 20 ನಿಮಿಷದ ಗರಿಷ್ಠ ಸರಾಸರಿ ವ್ಯಾಟ್‌ನ ಶೇ. 95ನ್ನು ತೆಗೆದುಕೊಳ್ಳುತ್ತಾರೆ, 200 ವ್ಯಾಟ್ ಬಂದರೆ ಹೊಸ್ತಿಲು 190. ಆ್ಯಪ್‌ಗಳು ಇದನ್ನೇ ಎಫ್‌ಟಿಪಿ (ಫಂಕ್ಷನಲ್ ಥ್ರೆಶೋಲ್ಡ್ ಪವರ್) ಎಂದು ಕರೆಯುತ್ತವೆ.

ಉದಾಹರಣೆಗೆ ಹೊಸ್ತಿಲಿನ ಬಡಿತ 166 ಬಂದಿತೆನ್ನಿ. ಅದನ್ನು ಆ್ಯಪ್‌ನ ಹಾರ್ಟ್ ರೇಟ್ ಝೋನ್ ಪುಟದಲ್ಲಿ ಕೈಯಾರೆ ತುಂಬಬೇಕು. ಹೊಸ್ತಿಲಿನ ಶೇ. 81ರಿಂದ 89ರವರೆಗಿನದು ಎರಡನೆಯ ಝೋನ್, ಅಂದರೆ ನಿಮಿಷಕ್ಕೆ 134ರಿಂದ 148 ಬಡಿತ. ಶೇ. 94ರಿಂದ 99ರವರೆಗಿನದು ನಾಲ್ಕನೆಯ ಝೋನ್, ಅಂದರೆ 156ರಿಂದ 164. ವ್ಯಾಟ್ ಲೆಕ್ಕದಲ್ಲಿ ಎರಡನೆಯ ಝೋನ್ ಎಂದರೆ ಎಫ್‌ಟಿಪಿಯ ಶೇ. 56ರಿಂದ 75, 190 ಇದ್ದವರಿಗೆ ಅದು 106ರಿಂದ 142 ವ್ಯಾಟ್ ಆಗುತ್ತದೆ. ಮಿಕ್ಕ ಝೋನ್‌ಗಳನ್ನು ಆ್ಯಪ್ ತಾನೇ ಹಾಕಿಕೊಳ್ಳಲಿ. ಮೊದಲ ವರ್ಷ ನೀವು ಬಾಯಿಪಾಠ ಮಾಡಬೇಕಾದದ್ದು ಈ ಎರಡನ್ನೇ.

ಹಗುರ ದಿನವನ್ನು ಹಗುರವಾಗಿಯೇ ಇಡುವುದು

ತಾಳಿಕೆ ಬೆಳೆಯುವುದು ಎರಡನೆಯ ಝೋನ್‌ನಲ್ಲಿ ಕಳೆದ ದೀರ್ಘ ಗಂಟೆಗಳಿಂದ. ಆ ಮಟ್ಟದ ಶ್ರಮ ವಾರಗಟ್ಟಲೆ ಮುಂದುವರಿದಾಗ ಸ್ನಾಯುಗಳೊಳಗೆ ಸೂಕ್ಷ್ಮ ರಕ್ತನಾಳಗಳ ಜಾಲ ದಟ್ಟವಾಗುತ್ತದೆ, ಜೀವಕೋಶಗಳಲ್ಲಿ ಶಕ್ತಿ ಉತ್ಪಾದಿಸುವ ಮೈಟೋಕಾಂಡ್ರಿಯಾಗಳು ಹೆಚ್ಚುತ್ತವೆ, ಹೃದಯ ಒಂದು ಬಡಿತಕ್ಕೆ ಹೆಚ್ಚು ರಕ್ತವನ್ನು ತಳ್ಳುವಂತಾಗುತ್ತದೆ, ದೇಹ ಕೊಬ್ಬನ್ನು ಹೆಚ್ಚಾಗಿ ಉರಿಸಿ ಸಕ್ಕರೆಯನ್ನು ಕೊನೆಯ ಗಂಟೆಗಳಿಗೆ ಉಳಿಸಿಕೊಳ್ಳಲು ಕಲಿಯುತ್ತದೆ. ಉನ್ನತ ಮಟ್ಟದ ತಾಳಿಕೆಯ ಕ್ರೀಡಾಪಟುಗಳ ತರಬೇತಿಯನ್ನು ಅಭ್ಯಸಿಸಿದ ಸ್ಟೀಫನ್ ಸೈಲರ್ ಎಂಬ ಶರೀರಕ್ರಿಯಾ ವಿಜ್ಞಾನಿ, ಅವರ ಅಭ್ಯಾಸದ ಸುಮಾರು ಶೇ. 80 ಭಾಗ ಹಗುರವಾಗಿಯೂ ಉಳಿದದ್ದು ನಿಜಕ್ಕೂ ಕಠಿಣವಾಗಿಯೂ ಇರುವುದನ್ನು ಗುರುತಿಸಿದರು. ನಮ್ಮಂಥ ಸಾಮಾನ್ಯ ಸವಾರರು ಹೆಚ್ಚಾಗಿ ಇದಕ್ಕೆ ವಿರುದ್ಧವಾಗಿ ನಡೆಯುತ್ತೇವೆ. ಪ್ರತಿದಿನವೂ ಮಧ್ಯಮವಾಗಿ ಜೋರು ತುಳಿದು, ಹಗುರ ದಿನದ ಲಾಭವನ್ನೂ ಕಠಿಣ ದಿನದ ಲಾಭವನ್ನೂ ಕಳೆದುಕೊಳ್ಳುತ್ತೇವೆ.

ನೀವು ಎರಡನೆಯ ಝೋನ್‌ನಲ್ಲಿ ಇದ್ದೀರಾ ಎಂದು ತಿಳಿಯಲು ಯಂತ್ರವಿಲ್ಲದೆಯೂ ಒಂದು ದಾರಿ ಇದೆ. ಪಕ್ಕದ ಸವಾರರೊಡನೆ ಪೂರ್ತಿ ವಾಕ್ಯಗಳಲ್ಲಿ ಮಾತನಾಡಲು ಸಾಧ್ಯವಾಗಬೇಕು. ಒಬ್ಬರೇ ಇದ್ದರೆ, ಬಾಯಿಪಾಠ ಬರುವ ಒಂದು ವಚನವನ್ನು ಸಹಜವಾದ ನಿಲುಗಡೆಗಳಲ್ಲಿ ಮಾತ್ರ ಉಸಿರೆಳೆದುಕೊಂಡು ಹೇಳಿ ಮುಗಿಸಿರಿ. ಸಾಲಿನ ನಡುವೆ ಏದುಸಿರು ಬಂದರೆ ಗೇರ್ ಇಳಿಸಿರಿ. ಎದೆಯ ಪಟ್ಟಿಯ ಅಂಕಿಯೂ ಈ ಮಾತಿನ ಪರೀಕ್ಷೆಯೂ ಒಂದಕ್ಕೊಂದು ಹೊಂದದಿದ್ದರೆ ನಾನು ಮಾತಿನ ಪರೀಕ್ಷೆಯನ್ನೇ ನಂಬುತ್ತೇನೆ.

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವಾಗ ಈ ಶಿಸ್ತಿಗೆ ನಿಜವಾದ ಪರೀಕ್ಷೆ ಎದುರಾಗುತ್ತದೆ. ಧಾರವಾಡ ಎತ್ತರದಲ್ಲಿರುವುದರಿಂದ ದಾರಿ ಒಟ್ಟಾರೆ ಏರುಮುಖವಾಗಿದೆ. ಏರಿನಲ್ಲಿ ಹಳೆಯ ವೇಗವನ್ನೇ ಹಿಡಿದರೆ ಬಡಿತ ಸದ್ದಿಲ್ಲದೆ 160ಕ್ಕೆ ಹೋಗಿರುತ್ತದೆ. ಏರು ಬಂದ ಕೂಡಲೇ ಸಣ್ಣ ಗೇರಿಗೆ ಇಳಿದು, ನಿಮಿಷಕ್ಕೆ 80ರಿಂದ 90 ಸುತ್ತು ಪೆಡಲ್ ತಿರುಗಿಸುತ್ತ, ಮೇಲಿನ ಉದಾಹರಣೆಯ ಲೆಕ್ಕದಲ್ಲಿ ಬಡಿತ 148 ದಾಟದಂತೆ ಎಚ್ಚರಿಕೆಯ ಸದ್ದನ್ನು ಆ್ಯಪ್‌ನಲ್ಲಿ ಅಥವಾ ಗಡಿಯಾರದಲ್ಲಿ ಹಾಕಿಕೊಳ್ಳಿರಿ. ಜೊತೆಯವರು ಮುಂದೆ ಹೋಗುತ್ತಾರೆ, ಹೋಗಲಿ.

ವಾರಕ್ಕೆ ಆರು ಗಂಟೆ ಸಿಗುವವರು ನಾಲ್ಕು ಸವಾರಿ ಇಟ್ಟುಕೊಳ್ಳಬಹುದು. ಎರಡು ದಿನ ತಲಾ ಒಂದು ಗಂಟೆ ಎರಡನೆಯ ಝೋನ್‌ನಲ್ಲಿ. ವಾರದ ನಡುವೆ ಒಂದು ದಿನ ಇಂಟರ್ವಲ್, ಅಂದರೆ ಜೋರು ಮತ್ತು ಹಗುರ ತುಳಿತಗಳನ್ನು ಬದಲಿಸುತ್ತ ಮಾಡುವ ಅಭ್ಯಾಸ. ಭಾನುವಾರ ಎರಡೂವರೆಯಿಂದ ಮೂರು ಗಂಟೆಯ ದೀರ್ಘ ಸವಾರಿ. ಇಂಟರ್ವಲ್ ದಿನ 15 ನಿಮಿಷ ಮೈ ಬಿಸಿ ಮಾಡಿಕೊಂಡು, 8 ನಿಮಿಷ ನಾಲ್ಕನೆಯ ಝೋನ್‌ನಲ್ಲಿ ತುಳಿದು 4 ನಿಮಿಷ ಹಗುರವಾಗಿ ಬಿಡುವುದನ್ನು ಮೂರು ಬಾರಿ, ಕೆಲವು ವಾರಗಳ ನಂತರ ನಾಲ್ಕು ಬಾರಿ ಮಾಡಬೇಕು. ಹೃದಯಬಡಿತ ಏರಲು ಒಂದೆರಡು ನಿಮಿಷ ಹಿಡಿಯುತ್ತದೆ. ಅಂಕಿ ಇನ್ನೂ ಬಂದಿಲ್ಲವೆಂದು ಮೊದಲ ನಿಮಿಷದಲ್ಲಿಯೇ ಒದ್ದಾಡಬೇಡಿ. ದೀರ್ಘ ಸವಾರಿಗೆ ಧಾರವಾಡದಿಂದ ಅಳ್ನಾವರದ ಕಡೆಯ ರಸ್ತೆ ನನಗೆ ಬಹಳ ಮೆಚ್ಚುಗೆ. ಮರಗಳ ನೆರಳು ಇದೆ, ಸಣ್ಣ ಸಣ್ಣ ಏರಿಳಿತಗಳಿವೆ. ಮೂರು ವಾರ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ ನಾಲ್ಕನೆಯ ವಾರ ಮೂರನೆಯ ಒಂದು ಭಾಗದಷ್ಟು ಇಳಿಸಬೇಕು. ಹೀಗೆ ಮೂರು ಸುತ್ತು, ಅಂದರೆ ಹನ್ನೆರಡು ವಾರಗಳಲ್ಲಿ, ಭಾನುವಾರದ ಸವಾರಿ ಮೂರರಿಂದ ಐದೂವರೆ ಗಂಟೆಗೆ ಏರಿದರೆ 200 ಕಿಲೋಮೀಟರಿಗೆ ಕಾಲು ಸಿದ್ಧವಾಗಿರುತ್ತದೆ.

ಗಾಳಿ ಮತ್ತು ಬಿಸಿಲು

ಹೊರದೇಶದ ಸವಾರರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಯೋಜನೆಗಳಿಗೆ ನಮ್ಮ ಗಾಳಿ ತಿಳಿಯದು. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸಾಲಾಗಿ ನಿಲ್ಲಿಸಿರುವುದಕ್ಕೆ ಕಾರಣವೇ ಜೂನ್‌ನಿಂದ ಆಗಸ್ಟ್‌ವರೆಗೆ ಈ ಬಯಲಿನಲ್ಲಿ ಬೀಸುವ ಮುಂಗಾರು ಮಾರುತ. ಗಾಳಿಯ ತಡೆ, ಮೈಗೆ ತಾಗುವ ಗಾಳಿಯ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಗಾಳಿಯಿಲ್ಲದ ಬೆಳಿಗ್ಗೆ ಗಂಟೆಗೆ 25ರಲ್ಲಿ ಹೋಗುವವರಿಗೆ ಎದುರಿನಿಂದ 15ರ ಗಾಳಿ ಬಂದರೆ ಮೈಗೆ ತಾಗುವುದು 40. ಅದೇ ವೇಗ ಉಳಿಸಿಕೊಳ್ಳಲು ಎದುರಿಸಬೇಕಾದ ತಡೆ ಎರಡೂವರೆ ಪಟ್ಟು. ಇದು ಮಳೆಗಾಲದಲ್ಲಿ ಅಣ್ಣಿಗೇರಿಯಿಂದ ಮರಳುವಾಗ ದಿನವೂ ನಡೆಯುವ ಲೆಕ್ಕ.

ಆದ್ದರಿಂದ ಮೂರು ಬದಲಾವಣೆಗಳನ್ನು ಮಾಡಿಕೊಳ್ಳಬೇಕು. ದಾಖಲೆಯ ಪರದೆಯಿಂದ ವೇಗದ ಅಂಕಿಯನ್ನು ತೆಗೆದು ಆ ಜಾಗದಲ್ಲಿ ಬಡಿತವನ್ನೂ ಕಳೆದ ಸಮಯವನ್ನೂ ಇಟ್ಟುಕೊಳ್ಳಿರಿ. ಸೈಕಲ್ ಕಂಪ್ಯೂಟರ್‌ನಲ್ಲಿ ಇದು ಸುಲಭ, ಮೊಬೈಲ್‌ನಲ್ಲಿ ಸಾಧ್ಯವಾಗದಿದ್ದರೆ ಫೋನನ್ನು ಜೇಬಿನಲ್ಲಿಟ್ಟು ಗಡಿಯಾರವನ್ನು ನೋಡಬಹುದು. ಸವಾರಿಯನ್ನು ಕಿಲೋಮೀಟರಿನಲ್ಲಿ ನಿಗದಿ ಮಾಡದೆ ಗಂಟೆಯಲ್ಲಿ ನಿಗದಿ ಮಾಡಿರಿ. ಗಾಳಿಯ ದಿನ ಎರಡು ಗಂಟೆಗೆ 38 ಕಿಲೋಮೀಟರ್ ಆದರೂ ಅದು ಪೂರ್ಣ ಅಭ್ಯಾಸವೇ. ಮತ್ತು ಮುಂಗಾರಿನಲ್ಲಿ ಎದುರುಗಾಳಿಗೆ ಮುಖ ಮಾಡಿ ಹೊರಟು ಬೆನ್ನಗಾಳಿಯಲ್ಲಿ ಮನೆಗೆ ಬರುವಂತೆ ದಾರಿ ಆರಿಸಿರಿ. ಗದಗಿನವರು ಹುಬ್ಬಳ್ಳಿಯ ದಿಕ್ಕಿಗೆ ಹೊರಟು ಮರಳುವುದು ಒಳ್ಳೆಯದು, ಲಕ್ಕುಂಡಿಯ ಕಡೆಗೆ ಹೊರಟವರು ಹೋಗುವಾಗಿನ ಸುಲಭವನ್ನು ನಂಬಬಾರದು. ಹುಬ್ಬಳ್ಳಿಯವರಿಗೆ ಕಲಘಟಗಿ ದಿಕ್ಕು ಸರಿ, ಅಲ್ಲಿ ಮಳೆ ಹೆಚ್ಚೆಂಬುದನ್ನು ನೆನಪಿಟ್ಟುಕೊಂಡರಾಯಿತು.

ಸ್ಟ್ರಾವಾದಲ್ಲಿ ರಸ್ತೆಯ ತುಂಡುಗಳನ್ನು ಸೆಗ್ಮೆಂಟ್ ಎಂದು ಗುರುತಿಸಿ, ಯಾರು ಬೇಗ ದಾಟಿದರೆಂಬ ಪಟ್ಟಿ ತೋರಿಸುತ್ತಾರೆ. ಉಣಕಲ್ ಕೆರೆಯ ಸುತ್ತಮುತ್ತಲೋ ನೃಪತುಂಗ ಬೆಟ್ಟದ ಏರಿನಲ್ಲೋ ತಿಂಗಳಿಗೊಮ್ಮೆ ಆ ಪಟ್ಟಿಯಲ್ಲಿ ಮೇಲೇರುವ ಆಸೆ ತಪ್ಪಲ್ಲ. ಅದೂ ಉತ್ಸಾಹ ಕೊಡುತ್ತದೆ. ಆದರೆ ಪ್ರತಿ ಸವಾರಿಯಲ್ಲೂ ಅದನ್ನೇ ಬೆನ್ನಟ್ಟಿದರೆ ಹಗುರ ದಿನವೆಂಬುದು ಉಳಿಯುವುದಿಲ್ಲ. ನನ್ನ ಮೊದಲ ವರ್ಷ ಹೀಗೆಯೇ ಹೋಯಿತು. ಈಗ ವಾರದ ಹಗುರ ದಿನಗಳಲ್ಲಿ ಸೆಗ್ಮೆಂಟ್ ಸೂಚನೆಗಳನ್ನು ಆರಿಸಿಡುತ್ತೇನೆ.

ಬಿಸಿಲಿನ ತಿಂಗಳುಗಳಲ್ಲಿ ಹೃದಯಬಡಿತವೂ ಸ್ವಲ್ಪ ಎಚ್ಚರದಿಂದ ಓದಬೇಕಾದ ಅಂಕಿಯಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ದೇಹವನ್ನು ತಂಪಾಗಿಡಲು ರಕ್ತ ಚರ್ಮದ ಕಡೆಗೆ ಹರಿಯುತ್ತದೆ, ಬೆವರಿನಿಂದ ರಕ್ತದ ನೀರಿನ ಅಂಶವೂ ಇಳಿಯುತ್ತದೆ. ಶ್ರಮ ಅಷ್ಟೇ ಇದ್ದರೂ ಗಂಟೆ ಕಳೆದಂತೆ ಬಡಿತ ಮೇಲೇರುತ್ತ ಹೋಗುತ್ತದೆ. ಆಗ ಅಂಕಿಗೆ ಬೆಲೆ ಕೊಟ್ಟು ನಿಧಾನ ಮಾಡುವುದೇ ಸರಿ, ಏಕೆಂದರೆ ಆ ಹೊರೆಯೂ ಹೃದಯದ ಮೇಲೆಯೇ ಬೀಳುತ್ತದೆ. ಬಿಸಿಲಿಗೆ ದೇಹ ಹೊಂದಿಕೊಳ್ಳಲು ಒಂದೆರಡು ವಾರ ಬೇಕು. ಅಷ್ಟು ದಿನ ಇಂಟರ್ವಲ್ ಬಿಟ್ಟು, ಬೆಳಗಿನ ಐದೂವರೆಗೆ ಹೊರಟು ಎಂಟಕ್ಕೆ ಮನೆ ಸೇರುವಂತೆ ಯೋಜಿಸಬೇಕು.

ಊಟ, ನೀರು

ಒಂದೂವರೆ ಗಂಟೆಗಿಂತ ದೀರ್ಘವಾದ ಸವಾರಿಯಲ್ಲಿ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೊಹೈಡ್ರೇಟ್ ಬೇಕಾಗುತ್ತದೆ. ಒಂದು ಮಧ್ಯಮ ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ. ಬೆಲ್ಲದ ತುಂಡು, ಖರ್ಜೂರ, ಧಾರವಾಡ ಪೇಡಾ ಎಲ್ಲವೂ ಕೆಲಸಕ್ಕೆ ಬರುತ್ತವೆ. ಶೇಂಗಾ ಚಿಕ್ಕಿಯಲ್ಲಿ ಕೊಬ್ಬಿನ ಅಂಶ ಹೆಚ್ಚಿರುವುದರಿಂದ ಅದನ್ನು ಹಗುರ ದೀರ್ಘ ಸವಾರಿಗೆ ಇಟ್ಟುಕೊಳ್ಳಬಹುದು, ಜೋರಿನ ದಿನಕ್ಕೆ ಬೇಡ. ಗಿರಮಿಟ್, ಮಿರ್ಚಿಯ ಆಸೆಯನ್ನು ಸವಾರಿ ಮುಗಿದ ಮೇಲೆ ತೀರಿಸಿಕೊಳ್ಳಿರಿ. ಎಣ್ಣೆಯ ತಿಂಡಿ ಹೊಟ್ಟೆಯಲ್ಲಿ ನಿಂತು ಮುಂದಿನ ಗಂಟೆಯನ್ನು ಹಾಳು ಮಾಡುತ್ತದೆ. ಹಸಿವಾದ ಮೇಲೆ ತಿನ್ನಲು ಹೊರಟರೆ ತಡವಾಗಿರುತ್ತದೆಯಾದ್ದರಿಂದ 20 ನಿಮಿಷಕ್ಕೊಮ್ಮೆ ಸದ್ದು ಮಾಡುವ ಜ್ಞಾಪನೆಯನ್ನು ಹಾಕಿಕೊಳ್ಳುವುದು ಲೇಸು. ನೀರಿನ ಅಳತೆ ತಿಳಿಯಲು ಸವಾರಿಯ ಮೊದಲೂ ನಂತರವೂ ತೂಕ ನೋಡಿರಿ: ಒಂದು ಕಿಲೋ ಇಳಿದಿದ್ದರೆ ಸುಮಾರು ಒಂದು ಲೀಟರ್ ನೀರು ಕೊರತೆಯಾಗಿದೆ ಎಂದರ್ಥ. ಬೇಸಿಗೆಯಲ್ಲಿ ಬರಿಯ ನೀರು ಸಾಲದು. ಒಂದು ಬಾಟಲಿಯಲ್ಲಿ ಓಆರ್‌ಎಸ್ ಅಥವಾ ಉಪ್ಪು, ಸಕ್ಕರೆ, ನಿಂಬೆ ಬೆರೆಸಿದ ಪಾನಕ ಇರಲಿ.

ಆ್ಯಪ್ ಹೇಳುವ ಅಂಕಿಗಳು, ಹೇಳದ ಸಂಗತಿಗಳು

ಯೋಜನೆಯ ಆ್ಯಪ್‌ಗಳು ಪ್ರತಿ ಸವಾರಿಗೆ ಒಂದು ಹೊರೆಯ ಅಂಕಿ ಕೊಡುತ್ತವೆ; ಹೊಸ್ತಿಲಿನಲ್ಲಿ ಸರಿಯಾಗಿ ಒಂದು ಗಂಟೆ ತುಳಿದರೆ ಅದು 100. ಸುಮಾರು 42 ದಿನಗಳ ಹೊರೆಯ ಸರಾಸರಿಯನ್ನು ಫಿಟ್‌ನೆಸ್ ಎಂದೂ 7 ದಿನಗಳ ಸರಾಸರಿಯನ್ನು ಫಟೀಗ್, ಅಂದರೆ ದಣಿವು ಎಂದೂ, ಫಿಟ್‌ನೆಸ್‌ನಿಂದ ದಣಿವನ್ನು ಕಳೆದು ಉಳಿಯುವುದನ್ನು ಫಾರ್ಮ್ ಎಂದೂ ತೋರಿಸುತ್ತವೆ. ಫಿಟ್‌ನೆಸ್ ಗೆರೆ ವಾರಕ್ಕೆ ಐದಾರು ಅಂಶಗಳಿಗಿಂತ ವೇಗವಾಗಿ ಏರುತ್ತಿದ್ದರೆ ಅದು ಸಂಭ್ರಮದ ಸಂಗತಿಯಲ್ಲ, ಎಚ್ಚರಿಕೆ. ಫಾರ್ಮ್ ಬಹಳ ಕೆಳಗಿಳಿದು ಅಲ್ಲಿಯೇ ನಿಂತಿದ್ದರೆ ವಿಶ್ರಾಂತಿಯ ವಾರವನ್ನು ಮುಂದಕ್ಕೆ ತಳ್ಳದೆ ಕೂಡಲೇ ತೆಗೆದುಕೊಳ್ಳಬೇಕು.

ಆದರೆ ಈ ಲೆಕ್ಕಕ್ಕೆ ಗೊತ್ತಿರುವುದು ಸೈಕಲ್ ಮೇಲಿನ ಶ್ರಮ ಮಾತ್ರ. ಮನೆಯಲ್ಲಿ ಮದುವೆಯ ಓಡಾಟ, ಸುಗ್ಗಿಯ ಕೆಲಸ, ರಾತ್ರಿಪಾಳಿ, ಮಗುವಿನ ಜ್ವರಕ್ಕೆ ಎಚ್ಚರವಿದ್ದ ರಾತ್ರಿ ಯಾವುದೂ ಅದಕ್ಕೆ ಕಾಣುವುದಿಲ್ಲ. ಅದಕ್ಕಾಗಿ ಪ್ರತಿ ಸವಾರಿಯ ನಂತರ ವಿವರಣೆಯ ಜಾಗದಲ್ಲಿ ಒಂದೆರಡು ಸಾಲು ಕನ್ನಡದಲ್ಲಿಯೇ ಬರೆಯಿರಿ: ಹತ್ತರಲ್ಲಿ ಎಷ್ಟು ಕಷ್ಟವೆನಿಸಿತು, ರಾತ್ರಿ ಎಷ್ಟು ನಿದ್ದೆಯಾಗಿತ್ತು, ಗಾಳಿ ಯಾವ ಕಡೆಯಿಂದ ಇತ್ತು, ಏನು ತಿಂದಿರಿ. ವರ್ಷದ ನಂತರ ಹಿಂದಿರುಗಿ ನೋಡಿದಾಗ ನನಗೆ ಅತ್ಯಂತ ಉಪಯೋಗಕ್ಕೆ ಬಂದದ್ದು ಯಾವ ನಕ್ಷೆಯೂ ಅಲ್ಲ, ಈ ಸಾಲುಗಳೇ. ಬೆಳಿಗ್ಗೆ ಏಳುವಾಗಿನ ಬಡಿತ ಎಂದಿಗಿಂತ ಏಳೆಂಟು ಹೆಚ್ಚಿದ್ದು, ಮೈ ಭಾರವೆನಿಸಿದರೆ, ಆ್ಯಪ್ ಇಂಟರ್ವಲ್ ಎಂದು ಹೇಳಿದ್ದರೂ ಅಂದು ಹಗುರವಾಗಿ ತುಳಿಯಿರಿ ಅಥವಾ ಮಲಗಿರಿ.

ತಪ್ಪಿದ ಸವಾರಿಯನ್ನು ಮರುದಿನ ಸೇರಿಸಿ ತುಂಬಬಾರದು. ಒಂದು ಮಳೆಗಾಲದಲ್ಲಿ ಜ್ವರದಿಂದ ಎದ್ದವನು, ಆ್ಯಪ್‌ನ ಕ್ಯಾಲೆಂಡರಿನಲ್ಲಿ ಖಾಲಿ ಉಳಿದ ಎರಡು ವಾರಗಳ ಚೌಕಗಳನ್ನು ನೋಡಲಾರದೆ ಒಂದೇ ವಾರದಲ್ಲಿ ಅಷ್ಟನ್ನೂ ತುಂಬಲು ಹೋದೆ. ಬಲ ಮಂಡಿ ನೋವು ಹಿಡಿದು ಮತ್ತೆ ಐದು ವಾರ ಮನೆಯಲ್ಲಿ ಕೂರಬೇಕಾಯಿತು. ಜ್ವರ ಬಿಟ್ಟ ಮೇಲೆ ಮೊದಲ ವಾರ ಅರ್ಧದಷ್ಟು ಸಮಯ, ಎರಡನೆಯ ಝೋನ್ ಮಾತ್ರ.

ಮಳೆ ಹಿಡಿದು ಎರೆಮಣ್ಣು ಚಕ್ರಕ್ಕೆ ಮೆತ್ತುವ ದಿನಗಳಲ್ಲಿ ಟ್ರೇನರ್ ಇರುವವರು ಒಳಗೇ ತುಳಿಯಬಹುದು. ಅಲ್ಲಿ ಇಳಿಜಾರಿನ ಬಿಡುವು ಇಲ್ಲದ ಕಾರಣ ಒಂದು ಗಂಟೆ ಪೂರ್ತಿ ಒಂದು ಗಂಟೆಯೇ. ಜೋರಾದ ಫ್ಯಾನ್ ಎದುರಿಗೆ ಇರಲೇಬೇಕು, ಇಲ್ಲವಾದರೆ ಬಡಿತ ಸುಮ್ಮನೆ ಏರುತ್ತದೆ. ಝ್ವಿಫ್ಟ್‌ನಂಥ ಆ್ಯಪ್‌ಗೆ ಸ್ಮಾರ್ಟ್ ಟ್ರೇನರ್ ಇದ್ದರೆ ಚೆನ್ನ, ಆದರೆ ಸಾದಾ ಟ್ರೇನರ್ ಮೇಲೆ ಗಡಿಯಾರವನ್ನೂ ಎದೆಯ ಪಟ್ಟಿಯನ್ನೂ ನೋಡಿ ಮಾಡಿದ ಇಂಟರ್ವಲ್‌ಗೂ ಅಷ್ಟೇ ಫಲವಿದೆ.

ರಸ್ತೆಯಲ್ಲಿ

ಪರದೆಯನ್ನು ನೋಡುವುದು ನಿಂತಾಗ ಅಥವಾ ಖಾಲಿ ನೇರ ರಸ್ತೆಯಲ್ಲಿ ಮಾತ್ರ. ಕಬ್ಬಿನ ಹಂಗಾಮಿನಲ್ಲಿ ಹಿಂಬದಿ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್‌ಗಳು ಮುಂಜಾವಿನ ಮಬ್ಬಿನಲ್ಲಿ ನಿಂತಿರುತ್ತವೆ. ಸುಗ್ಗಿಯಲ್ಲಿ ಒಕ್ಕಲು ಹಾಸಿದ ರಸ್ತೆಯ ಮೇಲೆ ಟೈರ್ ಜಾರುತ್ತದೆ. ಬದಿಗೆ ಇಳಿದರೆ ಜಾಲಿಮುಳ್ಳು ಇದೆ. ಬಿಡಿ ಟ್ಯೂಬ್, ಪಂಪ್, ಮುಂದೆ ಹಿಂದೆ ದೀಪ, ಹೆಲ್ಮೆಟ್ ಇಲ್ಲದೆ ಹೊರಡಬೇಡಿ. ಸ್ಟ್ರಾವಾದ ಬೀಕನ್ ಅಥವಾ ವಾಟ್ಸ್ಆ್ಯಪ್‌ನ ಲೈವ್ ಲೊಕೇಶನ್ ಮೂಲಕ ಮನೆಯವರಿಗೆ ನೀವಿರುವ ಜಾಗ ಕಾಣುವಂತೆ ಮಾಡಿರಿ. ಅದೇ ಹೊತ್ತಿಗೆ, ಎಲ್ಲರಿಗೂ ಕಾಣುವ ನಕ್ಷೆಯಲ್ಲಿ ಸವಾರಿ ಆರಂಭವಾಗುವ ಮತ್ತು ಮುಗಿಯುವ ಭಾಗವನ್ನು ಮರೆಮಾಡುವ ಆಯ್ಕೆಯನ್ನು ಬಳಸಿರಿ. ನಿಮ್ಮ ಮನೆಯೂ ನೀವು ಮನೆಯಲ್ಲಿಲ್ಲದ ವೇಳೆಯೂ ಅಪರಿಚಿತರಿಗೆ ತಿಳಿಯಬೇಕಾಗಿಲ್ಲ. ಒಂಟಿಯಾಗಿ ತುಳಿಯುವ ಹೆಣ್ಣುಮಕ್ಕಳು ಇದನ್ನು ಮೊದಲ ದಿನವೇ ಸರಿಪಡಿಸಿಕೊಳ್ಳಬೇಕು.

ಮತ್ತೆ ಅಳೆಯುವುದು

ಹನ್ನೆರಡು ವಾರಗಳ ನಂತರ ಅದೇ ರಸ್ತೆಯಲ್ಲಿ, ಅದೇ ಹೊತ್ತಿನಲ್ಲಿ, ಗಾಳಿ ಇಲ್ಲದ ಬೆಳಿಗ್ಗೆ ಪರೀಕ್ಷೆಯನ್ನು ಮತ್ತೆ ಮಾಡಿರಿ. ದೀಪಾವಳಿಯಿಂದ ಸಂಕ್ರಾಂತಿಯವರೆಗಿನ ದಿನಗಳು ಇದಕ್ಕೆ ಅನುಕೂಲ. ಆಷಾಢದ ಫಲಿತಾಂಶವನ್ನು ಡಿಸೆಂಬರಿನದರೊಡನೆ ಹೋಲಿಸಬೇಡಿ. ಹೊಸ್ತಿಲಿನ ಬಡಿತ ಬಹಳ ಬದಲಾಗದೆ ಇರಬಹುದು, ಅದರಿಂದ ನಿರಾಶರಾಗಬೇಕಿಲ್ಲ. ಅದೇ ಬಡಿತದಲ್ಲಿ ಎಷ್ಟು ದೂರ ಹೋದಿರಿ, ಅಥವಾ ಎಷ್ಟು ವ್ಯಾಟ್ ಬಂದಿತು ಎಂಬುದನ್ನು ನೋಡಬೇಕು. ಇನ್ನೊಂದು ಗುರುತು ದೀರ್ಘ ಸವಾರಿಯಲ್ಲಿದೆ: ಸಮತಟ್ಟಾದ ದಾರಿಯಲ್ಲಿ ತಂಪಿನ ಹೊತ್ತು ಒಂದೇ ಶ್ರಮದಿಂದ ಎರಡು ಗಂಟೆ ತುಳಿದು, ಮೊದಲರ್ಧದ ಮತ್ತು ಎರಡನೆಯರ್ಧದ ಸರಾಸರಿ ಬಡಿತವನ್ನು ಹೋಲಿಸಿರಿ. ಮೊದಲ ತಿಂಗಳು 138ರಿಂದ 150ಕ್ಕೆ ಏರುತ್ತಿದ್ದದ್ದು ಈಗ 138ರಿಂದ 142ರಲ್ಲಿ ನಿಲ್ಲುತ್ತಿದ್ದರೆ ತಾಳಿಕೆ ಬೆಳೆದಿದೆ. ಹೊಸ ಹೊಸ್ತಿಲನ್ನು ಆ್ಯಪ್‌ನಲ್ಲಿ ತುಂಬಿ, ಝೋನ್‌ಗಳು ಬದಲಾದವೇ ಎಂದು ಖಚಿತಪಡಿಸಿಕೊಂಡು, ಮರುದಿನದ ಸವಾರಿಯನ್ನು ಮತ್ತೆ ಎರಡನೆಯ ಝೋನ್‌ನಿಂದಲೇ ಆರಂಭಿಸಿರಿ.